ದಪ್ಪ ಬೀಜದ ಬೀನ್ಸ್ ಪಲ್ಯ

"ಮರದ ಮೇಲಿರೋದು ಕೋತಿನಾ, ಇಲ್ಲ ನಾಬಾಂಡ ಅಜ್ಜಿಯ ಮೊಮ್ಮಗಳಾ?"

ಕೆಳಗಿನಿಂದ ಈ ಮಾತು ಬಂದಾಗ ಜಿಯೋನೆಯ ಬಾಯಲ್ಲಿ ಅರ್ಧ ಮಾವಿನಕಾಯಿ ಇತ್ತು. ಹುಳಿಗೆ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತ್ತು. ಉಳಿದ ಇನ್ನೊಂದು ಕಣ್ಣಿನಿಂದ ಕೆಳಗೆ ನೋಡಿದಳು. ಗುಡ್ಡದಾಚೆಯ ಊರಿನ ನಾಜೆರೆ ಅಜ್ಜಿ ನಿಂತಿದ್ದರು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಚಪ್ಪಲಿ, ಕಾಲ ತುಂಬ ಕೆಂಪು ಧೂಳು.

"ಕೋತಿ, ಅಜ್ಜಿ" ಎಂದಳು ಮರದ ಬುಡದಲ್ಲಿ ಕೂತಿದ್ದ ತಂಗಿ ಉಲೇಮು. ಅವಳ ಅಂಗೈಯಲ್ಲಿ ಉಪ್ಪಿತ್ತು. ಮಾವಿನಕಾಯಿ ಬಿದ್ದ ಹಾಗೆಲ್ಲ ಅದಕ್ಕೆ ಉಪ್ಪು ಹಚ್ಚುವುದು ಅವಳ ಡ್ಯೂಟಿ.

ಅವರ ಭಾಷೆಯಲ್ಲಿ ಉಲೇಮು ಎಂದರೆ ಮರ್ಯಾದೆ ಎಂದು ಅರ್ಥ. ಹೆಸರಿಟ್ಟವರು ತುಂಬ ಆಸೆಪಟ್ಟು ಇಟ್ಟಿದ್ದರು. ಹುಡುಗಿಗೆ ಐದು ವರ್ಷ ತುಂಬಿದರೂ ಆ ಆಸೆ ಇನ್ನೂ ಕೈಗೂಡಿರಲಿಲ್ಲ.

ಜಿಯೋನೆ ಸರಸರನೆ ಇಳಿದಳು. ಸ್ಕೂಲ್ ಯೂನಿಫಾರ್ಮಿಗೆ ಅಂಟಿದ್ದ ಇರುವೆಗಳನ್ನು ಕೊಡವಿಕೊಂಡು, ಮಂಡಿಯೂರಿ, ಎರಡೂ ಕೈ ಜೋಡಿಸಿ, "ಚೆನ್ನಾಗಿದ್ದೀರಾ ಅಜ್ಜಿ?" ಎಂದು ಕೇಳಿದಳು.

"ನೀನು ಚೆನ್ನಾಗಿದ್ರೆ ನಾನೂ ಚೆನ್ನಾಗಿದ್ದೀನಿ. ಎಲ್ಲಿ ನಿನ್ನ ಅಜ್ಜಿ?"

"ಗಿರಣಿಗೆ ಹೋಗಿದ್ದಾರೆ. ಬೆಳಿಗ್ಗೆಯೆಲ್ಲ ಕರೆಂಟ್ ಇರಲಿಲ್ವಂತೆ. ಕ್ಯೂ ಬೋರ್‌ವೆಲ್ ತನಕ ಬಂದಿದೆ. ಅಮ್ಮ ಸಂತೆಗೆ ಹೋಗಿದ್ದಾರೆ."

"ಇರ್ಲಿ ಬಿಡು. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದರು ನಾಜೆರೆ ಅಜ್ಜಿ. ಜಿಯೋನೆ ಜಗಲಿಯ ಮೇಲೆ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟಳು. ಅಜ್ಜಿ ಕಾಲು ನೀಡಿ ಕೂತು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರು. ಬುಟ್ಟಿಯಲ್ಲಿ ಮಡಚಿದ ಒಂದು ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮನೆಗೆ ಬಂದವರನ್ನು ಊಟ ಮಾಡ್ತೀರಾ ಎಂದು ಕೇಳುವ ಹಾಗಿಲ್ಲ. ಹಾಗೆ ಕೇಳಿದರೆ ಯಾರು ತಾನೆ ಹೂಂ ಅಂದಾರು? ತೆಪ್ಪಗೆ ಒಲೆ ಹೊತ್ತಿಸಬೇಕು, ಅಷ್ಟೇ. ಕಳೆದ ಈಸ್ಟರ್ ಹಬ್ಬಕ್ಕೆ ಚರ್ಚಿನ ಹಿರಿಯರೊಬ್ಬರು ಬಂದಿದ್ದಾಗ ಉಲೇಮು ಬಾಗಿಲಲ್ಲೇ ನಿಂತು, "ನೀವು ತಿನ್ನೋಕೆ ಬಂದ್ರಾ, ಸುಮ್ನೆ ಬಂದ್ರಾ?" ಎಂದು ವಿಚಾರಿಸಿದ್ದಳು. ಅಜ್ಜಿ ಒಂದು ವಾರ ಅದನ್ನೇ ಹೇಳಿಕೊಂಡು ತಲೆ ಚಚ್ಚಿಕೊಂಡಿದ್ದರು.

ಉಲೇಮು ಈಗಲೂ ಬಾಯಿ ತೆರೆದಳು. ಜಿಯೋನೆ ಅವಳ ಬಾಯಿಗೆ ಮಾವಿನಕಾಯಿ ತುರುಕಿ ಹಿತ್ತಲಿಗೆ ಎಳೆದುಕೊಂಡು ಹೋದಳು.

"ಇವತ್ತು ಅಡುಗೆ ನಾನು ಮಾಡ್ತೀನಿ. ನೀನು ನಾನು ಹೇಳಿದ ಹಾಗೆ ಕೇಳ್ಬೇಕು."

"ನೀನು ದೊಡ್ಡವಳಾ?"

"ಹೌದು."

ಅದು ಬರೀ ಜಂಬದ ಮಾತಲ್ಲ. ಈ ವರ್ಷ ಅಜ್ಜಿಯೇ ಹಾಗೆ ಹೇಳಿದ್ದರು. ಮೊದಲ ಮಳೆ ಬಿದ್ದ ಮೇಲೆ ಕಡಲೆಕಾಯಿ ಹೊಲದಲ್ಲಿ ಮೂರು ಸಾಲು ಜಿಯೋನೆಯದು. ಬಿತ್ತುವುದು ಅವಳೇ, ಕಳೆ ಕೀಳುವುದು ಅವಳೇ, ಕಿತ್ತು ಒಣಗಿಸುವುದೂ ಅವಳೇ. ಬೆಳೆದದ್ದೆಲ್ಲ ಅವಳದು. ಹುರಿಯಲಿ, ಬೇಯಿಸಲಿ, ಹಂಚಲಿ, ಯಾರೂ ಕೇಳುವ ಹಾಗಿಲ್ಲ.

ಸ್ಟ್ಯಾಂಡರ್ಡ್ ಫೈವ್‌ನಲ್ಲಿ ಜಿಯೋನೆಯ ಪಕ್ಕ ಕೂರುವ ಎಸ್ನಾತ್‌ಗೆ ಹೋದ ವರ್ಷವೇ ಎರಡು ಸಾಲು ಸಿಕ್ಕಿತ್ತು. ಅವಳು ಹುರಿದ ಬೀಜ ತಂದು ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಮೂರು ಮೂರು ಎಣಿಸಿ ಕೊಟ್ಟಿದ್ದಳು, ರಾಣಿಯ ಗತ್ತಿನಲ್ಲಿ. ಜಿಯೋನೆಗೆ ಬಂದದ್ದರಲ್ಲಿ ಒಂದು ಹುಳುಕು. ಅಂದಿನಿಂದ ಜಿಯೋನೆ ಕಾಯುತ್ತಿದ್ದಳು. ತನ್ನ ಮೂರು ಸಾಲಿನ ವಿಷಯ ಗೊತ್ತಾದ ದಿನವೇ ಕ್ಲಾಸಿನ ಹನ್ನೊಂದು ಜನರಿಗೆ ಪ್ರಾಮಿಸ್ ಮಾಡಿಬಿಟ್ಟಿದ್ದಳು, ಒಬ್ಬೊಬ್ಬರಿಗೂ ಹಿಡಿ ತುಂಬ ಕೊಡುತ್ತೇನೆ ಎಂದು. ಎಸ್ನಾತ್‌ಗೂ ಕೊಡುವುದೆಂದು ತೀರ್ಮಾನಿಸಿದ್ದಳು. ಹುಳುಕಿಲ್ಲದ್ದನ್ನೇ ಕೊಡಬೇಕು, ಆಗ ಅವಳಿಗೆ ಇನ್ನೂ ಚೆನ್ನಾಗಿ ಉರಿಯುತ್ತದೆ.

ಆದರೆ ಈಗ ಅಡುಗೆಯ ಮಾತು. ಹಿಟ್ಟಿನ ಬಕೆಟ್‌ನ ತಳದಲ್ಲಿ ಒಂದು ಹೊತ್ತಿನ ನ್ಸಿಮ ಮುದ್ದೆಗೆ ಸಾಲುವಷ್ಟು ಮೆಕ್ಕೆಜೋಳದ ಹಿಟ್ಟಿತ್ತು. ಅದರ ಜೊತೆಗೆ ಏನು? ಕೋಳಿ ಕಾವಿಗೆ ಕೂತಿದೆ, ಮೊಟ್ಟೆ ಮುಟ್ಟಿದರೆ ಕಣ್ಣು ಕುಕ್ಕುತ್ತದೆ. ಒಣ ಮೀನು ಮೊನ್ನೆಯೇ ಮುಗಿದಿತ್ತು. ಬಾಗಿಲ ಹಿಂದೆ ಬುಟ್ಟಿಯಲ್ಲಿ ಬೀನ್ಸ್ ಇತ್ತು, ಬೆಳಿಗ್ಗೆ ಅಜ್ಜಿ ಹೊಳೆದಂಡೆಯ ತೋಟದಿಂದ ಕಿತ್ತು ತಂದದ್ದು. ಮುರಿದರೆ ಟಕ್ಕೆನ್ನುವಷ್ಟು ಎಳೆಯದು.

ಬೀನ್ಸಿಗೆ ಕಡಲೆಬೀಜ ಕುಟ್ಟಿ ಹಾಕಿದರೆ ಆಯಿತು. ಅರ್ಧ ಗಂಟೆಯ ಕೆಲಸ. ಇದಕ್ಕಿಂತ ಸುಲಭದ ಪಲ್ಯ ಇನ್ನೊಂದಿಲ್ಲ, ಇದಕ್ಕಿಂತ ರುಚಿಯದೂ ಇನ್ನೊಂದಿಲ್ಲ.

ಜಿಯೋನೆ ಒಳಕೋಣೆಗೆ ಹೋದಳು. ಅಲ್ಲಿ ಕತ್ತಲೆ. ತೊಲೆಗೆ ಬಿತ್ತನೆ ಕಡಲೆಕಾಯಿಯ ಚೀಲ ಎಂದಿನಂತೆ ನೇತಾಡುತ್ತಿತ್ತು. ಅದನ್ನು ಮುಟ್ಟಬಾರದೆಂದು ನಡೆಯಲು ಬಾರದ ಮಗುವಿಗೂ ಗೊತ್ತು. ಅದರ ಕೆಳಗೆ, ನೆಲದ ಮೇಲೆ, ಸುಲಿದ ಬೀಜದ ಎರಡು ಬೇಸಿನ್‌ಗಳಿದ್ದವು. ಒಂದಕ್ಕೆ ಮುಚ್ಚಳವಿರಲಿಲ್ಲ. ಅದರಲ್ಲಿದ್ದವು ಸಣ್ಣವು, ಸುಕ್ಕಾದವು, ಸುಲಿಯುವಾಗ ಒಡೆದವು. ಇನ್ನೊಂದರ ಮೇಲೆ ಮೊರ ಕವುಚಿಟ್ಟಿತ್ತು. ಎತ್ತಿ ನೋಡಿದಳು. ದಪ್ಪ ದಪ್ಪ ಬೀಜ, ಒಂದೇ ಅಳತೆ, ಒಂದಕ್ಕೂ ಕಲೆಯಿಲ್ಲ.

ಜಿಯೋನೆಗೆ ಎಲ್ಲ ಅರ್ಥವಾಯಿತು. ಅಂದರೆ, ಎಲ್ಲ ಅರ್ಥವಾಯಿತು ಎಂದು ಅವಳಿಗೆ ಅನಿಸಿತು. ಸಣ್ಣವು ಮನೆಯವರಿಗೆ. ದಪ್ಪವು ಬಂದವರಿಗೆ. ಇಲ್ಲದಿದ್ದರೆ ಅಜ್ಜಿ ಇಷ್ಟು ಜೋಪಾನವಾಗಿ ಆರಿಸಿ ಮುಚ್ಚಿಡುತ್ತಿದ್ದರೇ? ಗುಡ್ಡ ಹತ್ತಿ ಇಳಿದು ಬಂದ ಅಜ್ಜಿಗೆ ಸುಕ್ಕು ಬೀಜ ಕುಟ್ಟಿ ಹಾಕಿದರೆ ಮನೆಯ ಮಾನ ಏನಾಗಬೇಕು?

ದಪ್ಪ ಬೀಜ ಎರಡು ಪ್ಲೇಟು ತುಂಬಿಕೊಂಡು ಹೊರಗೆ ಬಂದಳು.

ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ ಜರಡಿ ಹಿಡಿದಳು. ಬಿಳಿ ಪುಡಿ ಮೊರದಲ್ಲಿ ಬಿತ್ತು. ಮೊರವನ್ನು ಉಲೇಮುವಿನ ಕೈಗೆ ಕೊಟ್ಟು, "ಹಿಡ್ಕೊಂಡು ನಿಂತಿರು, ಒಲೆ ಊದಿ ಬರ್ತೀನಿ" ಎಂದಳು.

ಉಲೇಮು ನಿಂತಳು. ಆದರೆ ನಿಂತಲ್ಲೇ ಅವಳಿಗೆ ಮೂಗು ತುರಿಸಿತು. ಮೂಗು ತುರಿಸಿಕೊಳ್ಳಲು ಒಂದು ಕೈ ಬೇಕು. ಮೊರ ಹಿಡಿಯಲು ಎರಡು ಕೈ ಬೇಕು. ಲೆಕ್ಕ ಸರಿಹೋಗಲಿಲ್ಲ, ಮೊರವನ್ನು ನೆಲದ ಮೇಲಿಟ್ಟಳು.

ಅಂಗಳದ ಕೋಳಿಗಳಿಗೆ ಅಷ್ಟೇ ಸಾಕಾಗಿತ್ತು. ಎಲ್ಲೆಲ್ಲಿದ್ದವೋ, ರೆಕ್ಕೆ ಬಡಿಯುತ್ತ ಓಡಿ ಬಂದವು. ಕಾವಿಗೆ ಕೂತಿದ್ದ ಕೋಳಿಯೂ ಮೊಟ್ಟೆಗಳನ್ನು ಮರೆತು ಎದ್ದು ಬಂತು. ಜಿಯೋನೆ ಊದುಗೊಳವೆ ಎತ್ತಿಕೊಂಡು ಓಡಿ ಬರುವಷ್ಟರಲ್ಲಿ ಮೊರ ಮಗುಚಿತ್ತು, ಪುಡಿ ಮಣ್ಣುಪಾಲಾಗಿತ್ತು, ಒಂದು ಹುಂಜ ಮೂತಿಯೆಲ್ಲ ಬಿಳಿ ಮಾಡಿಕೊಂಡು ಸೀನುತ್ತಿತ್ತು.

"ಮೂಗು ತುರಿಸ್ತು" ಎಂದಳು ಉಲೇಮು.

"ನಿನ್ನ ಮೂಗು ಕುಯ್ದು ಅದನ್ನೇ ಪಲ್ಯಕ್ಕೆ ಹಾಕ್ತೀನಿ."

"ಅಷ್ಟು ಸಣ್ಣ ಮೂಗು ಎಷ್ಟು ಜನಕ್ಕಾಗುತ್ತೆ?" ಎಂದರು ಜಗಲಿಯಿಂದ ಎದ್ದು ಬಂದಿದ್ದ ನಾಜೆರೆ ಅಜ್ಜಿ. ಬಂದವರ ಕೈಗೆ ಕೆಲಸ ಕೊಡಬಾರದೆಂದು ಜಿಯೋನೆಗೆ ಗೊತ್ತಿತ್ತು. ಆದರೆ ಅವರು ಕೇಳಲೇ ಇಲ್ಲ, ಬೀನ್ಸ್ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ನಾರು ತೆಗೆಯಲು ಕೂತರು.

ಜಿಯೋನೆ ಮತ್ತೆ ಒಳಗೆ ಹೋಗಿ ಮತ್ತೆರಡು ಪ್ಲೇಟು ದಪ್ಪ ಬೀಜ ತಂದಳು. ನಾಳೆಗೂ ಇರಲಿ ಎಂದು ಮೇಲೊಂದು ಹಿಡಿ. ಕುಟ್ಟಲು ಶುರುಮಾಡಿದಳು. ಒಂದು ಬೀಜ ಒರಳಿನಿಂದ ಚಿಮ್ಮಿ ನಾಜೆರೆ ಅಜ್ಜಿಯ ಕಾಲ ಬಳಿ ಬಿತ್ತು.

ಅಜ್ಜಿ ಅದನ್ನು ಎತ್ತಿಕೊಂಡರು. ಎರಡು ಬೆರಳ ನಡುವೆ ಹೊರಳಿಸಿ ಹೊರಳಿಸಿ ನೋಡಿದರು. ಅಷ್ಟು ಹೊತ್ತು ಗುನುಗುತ್ತಿದ್ದ ಹಾಡು ನಿಂತುಹೋಯಿತು.

"ಈ ಬೀಜ ಎಲ್ಲಿಂದ ತಂದೆ ಮಗಾ?"

"ಒಳಗಿಂದ. ಬಂದವರಿಗೆ ಅಂತ ಅಜ್ಜಿ ಬೇರೆ ಆರಿಸಿಟ್ಟಿದ್ದಾರೆ" ಎಂದಳು ಜಿಯೋನೆ ಹೆಮ್ಮೆಯಿಂದ. "ನಮಗೆಲ್ಲ ಸಣ್ಣದೇ."

"ಹೌದಾ" ಎಂದರು ನಾಜೆರೆ ಅಜ್ಜಿ. ಆಮೇಲೆ ಕೈ ಚಾಚಿ ಆ ಬೀಜವನ್ನೂ ಒರಳಿಗೆ ಹಾಕಿದರು. "ಸರಿ, ಇದೊಂದು ಯಾಕೆ ಒಂಟಿಯಾಗಿರ್ಬೇಕು. ಕುಟ್ಟು."

ಬೀನ್ಸ್ ಮುರಿದು, ಉಪ್ಪು ಹಾಕಿ, ಸ್ವಲ್ಪವೇ ನೀರಿನಲ್ಲಿ ಬೇಯಲು ಇಟ್ಟಳು. ಎರಡು ಟೊಮೆಟೊ, ಒಂದು ಈರುಳ್ಳಿ ಹೆಚ್ಚಿ ಹಾಕಿದಳು. ಕಾಯಿ ಮೆತ್ತಗಾಗುತ್ತಿದ್ದಂತೆ ಬೀಜದ ಪುಡಿ ಉದುರಿಸಿದಳು. ಇನ್ನು ಮೇಲೆ ಇರುವುದೇ ಕಷ್ಟದ ಕೆಲಸ. ಬೀಜದ ಪುಡಿ ಬಿದ್ದ ಪಾತ್ರೆ ಹಾಲಿನ ಹಾಗೆ ಉಕ್ಕುತ್ತದೆ, ಕಣ್ಣು ಆಚೆ ಹೋದರೆ ಎಲ್ಲ ಒಲೆಗೆ.

"ಸೌದೆ ಹಿಂದಕ್ಕೆ ಎಳಿ" ಎಂದರು ನಾಜೆರೆ ಅಜ್ಜಿ.

"ಗೊತ್ತು ಅಜ್ಜಿ."

"ತಿರುಗಿಸ್ತಾ ಇರು."

"ಗೊತ್ತು ಅಜ್ಜಿ."

"ಗೊತ್ತಿದ್ದೋಳು ನನ್ನ ಮುಖ ಯಾಕೆ ನೋಡ್ತೀಯ? ಪಾತ್ರೆ ನೋಡು."

ಪಾತ್ರೆ ಉಕ್ಕಿತು. ಜಿಯೋನೆ ಕೈಗೆ ಸಿಕ್ಕ ಸೌದೆಯನ್ನೆಲ್ಲ ಎಳೆದುಹಾಕಿದಳು. ಹೊಗೆಯಲ್ಲಿ ಮೂವರೂ ಕೆಮ್ಮಿದರು, ಮೂವರೂ ನಕ್ಕರು. ಅರ್ಧ ಸೌಟಿನಷ್ಟು ಚೆಲ್ಲಿತು, ಉಳಿದದ್ದು ಬಚಾವಾಯಿತು. "ಹಸಿ ವಾಸನೆ ಹೋಗ್ಲಿ, ಮೇಲೆ ಎಣ್ಣೆ ಕಾಣ್ಲಿ, ಆಮೇಲೆ ಇಳಿಸು" ಎಂದರು ಅಜ್ಜಿ. ಈ ಸಲ ಜಿಯೋನೆ ಗೊತ್ತು ಎನ್ನಲಿಲ್ಲ. ನಿಜಕ್ಕೂ ಅದು ಅವಳಿಗೆ ಗೊತ್ತಿರಲಿಲ್ಲ.

ನ್ಸಿಮ ಬೆಂದು ಮುದ್ದೆ ಕೋಲಿಗೆ ಅಂಟದೆ ಬರುವ ಹೊತ್ತಿಗೆ ಗಿರಣಿಯಿಂದ ಅಜ್ಜಿಯೂ ಬಂದರು. ತಲೆಯ ಮೇಲೆ ಹಿಟ್ಟಿನ ಬಕೆಟ್, ರೆಪ್ಪೆಯ ಮೇಲೂ ಹಿಟ್ಟು. ನಾಜೆರೆಯನ್ನು ಕಂಡು ಮುಖ ಅರಳಿತು. ಇಬ್ಬರೂ ಕೈ ಹಿಡಿದುಕೊಂಡು ಮನೆಯವರು, ಮಕ್ಕಳು, ಮೊಮ್ಮಕ್ಕಳು, ಮಂಡಿನೋವು ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿದರು. ಅದಕ್ಕೇ ನ್ಸಿಮ ಅರ್ಧ ಆರಿತು.

ಜಿಯೋನೆ ಮಂಡಿಯೂರಿ ಇಬ್ಬರ ಕೈಗೂ ನೀರು ಹಾಕಿದಳು. ಅಜ್ಜಿಯರಿಗೆ ಒಂದು ತಟ್ಟೆ, ತನಗೂ ಉಲೇಮುಗೂ ಒಂದು. ಬಾಯಿಗೆ ಹಾಕಿಕೊಂಡಳು. ಅಬ್ಬಾ, ಅವಳೇ ಮಾಡಿದ್ದೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಗಟ್ಟಿ ಬೆಣ್ಣೆಯಂಥ ರಸ, ಅದರೊಳಗೆ ಇನ್ನೂ ಹಸಿರಾಗಿಯೇ ಇದ್ದ ಬೀನ್ಸ್. ಅಜ್ಜಿ ಏನು ಹೇಳುತ್ತಾರೆ ಎಂದು ತಲೆಯೆತ್ತಿ ನೋಡಿದಳು.

ಅಜ್ಜಿ ಒಂದು ತುತ್ತು ಅದ್ದಿ ಬಾಯಿಗಿಟ್ಟುಕೊಂಡರು. ಎರಡು ಸಲ ಅಗಿದರು. ಅಗಿಯುವುದು ನಿಂತಿತು.

"ಪಲ್ಯಕ್ಕೆ ಯಾವ ಬೀಜ ಹಾಕಿದೆ ಜಿಯೋನೆ?"

"ಮೊರ ಮುಚ್ಚಿಟ್ಟಿದ್ರಲ್ಲ ಅಜ್ಜಿ, ಆ ದಪ್ಪದ್ದು."

ಅಜ್ಜಿಯ ಬಾಯಿ ತೆರೆಯಿತು. ಅದರಿಂದ ಮಾತು ಬರುವ ಮೊದಲೇ ನಾಜೆರೆ ಅಜ್ಜಿ, "ಎಷ್ಟು ವರ್ಷ ಆಗಿತ್ತು ನಾಬಾಂಡ, ಇಂಥ ಪಲ್ಯ ತಿಂದು" ಎಂದರು. "ಎಂಥ ಕೈರುಚಿ ಈ ಹುಡುಗೀದು."

ಅಜ್ಜಿಯ ಬಾಯಿ ಮುಚ್ಚಿಕೊಂಡಿತು. "ತಿನ್ನಿ, ಚೆನ್ನಾಗಿ ತಿನ್ನಿ" ಎಂದು ಪಲ್ಯದ ಬಟ್ಟಲನ್ನು ಅವರ ಕಡೆಗೆ ತಳ್ಳಿದರು. "ಇಂಥದ್ದು ನಮ್ಮನೇಲಿ ದಿನಾ ಮಾಡಲ್ಲ."

"ಕೋಳಿಗಳಿಗೂ ತುಂಬ ಇಷ್ಟ ಆಯ್ತು" ಎಂದಳು ಉಲೇಮು.

"ಕೋಳಿಗಳಿಗಾ?"

"ಮೊದಲನೇ ಸಲ ಕುಟ್ಟಿದ್ದನ್ನ ಪೂರ್ತಿ ಅವೇ ತಿಂದ್ವು."

ಅಜ್ಜಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ನಾಜೆರೆ ಅಜ್ಜಿ ಅವರ ಬೆನ್ನು ತಟ್ಟಿದರು. ತಟ್ಟುತ್ತ ತಟ್ಟುತ್ತ ಅವರಿಗೆ ನಗು ಬಂತು. ಅದನ್ನು ನೋಡಿ ಅಜ್ಜಿಗೂ ಕೆಮ್ಮಿನ ನಡುವೆಯೇ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾಕೆಂದು ತಿಳಿಯದಿದ್ದರೂ ಜಿಯೋನೆಯೂ ನಕ್ಕಳು. ತನ್ನ ಅಡುಗೆ ಎಲ್ಲರನ್ನೂ ಇಷ್ಟು ಖುಷಿಪಡಿಸಿತಲ್ಲ ಎಂದು ಅವಳಿಗೆ ಸಂತೋಷವಾಯಿತು.

ಆದರೆ ನಗು ನಿಂತ ಮೇಲೆ ಅಜ್ಜಿ ಜಾಸ್ತಿ ತಿನ್ನಲಿಲ್ಲ.

ಬಿಸಿಲು ಇಳಿದ ಮೇಲೆ ನಾಜೆರೆ ಅಜ್ಜಿ ಹೊರಟರು. ಬಂದವರನ್ನು ಸ್ವಲ್ಪ ದೂರ ಕಳಿಸಿ ಬರಬೇಕು. ಅಜ್ಜಿಯೂ ಜಿಯೋನೆಯೂ ದೊಡ್ಡ ಹುತ್ತದವರೆಗೆ ಹೋದರು. ಅಜ್ಜಿ ಎರಡು ಮೂರು ಸಲ ಮಾತು ಶುರುಮಾಡಿ ನಿಲ್ಲಿಸಿದರು. ಪ್ರತಿ ಸಲವೂ ನಾಜೆರೆ ಅಜ್ಜಿ ಇನ್ನೇನೋ ಹೇಳಿದರು. ಮೋಡ ಇನ್ನೂ ದೂರ ಇದೆ ಎಂದರು. ಈ ವರ್ಷ ಮಾವು ಚೆನ್ನಾಗಿ ಬಿಟ್ಟಿದೆ ಎಂದರು. ಕಡಲೆಕಾಯಿಯ ಮಾತನ್ನು ಮಾತ್ರ ಎತ್ತಲಿಲ್ಲ. ಹಗುರವಾದ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಳೆಯ ದಾರಿ ಹಿಡಿದರು.

ಮನೆಗೆ ಬಂದವರೇ ಅಜ್ಜಿ ಸೀದಾ ಒಳಕೋಣೆಗೆ ಹೋಗಿ ಮೊರ ಎತ್ತಿದರು. ಬೇಸಿನ್‌ನಲ್ಲಿ ಬೀಜ ಅರ್ಧಕ್ಕಿಂತ ಕೆಳಗಿತ್ತು.

"ಇದು ಬಿತ್ತನೆ ಬೀಜ, ಜಿಯೋನೆ."

ಜಿಯೋನೆ ತೊಲೆಯತ್ತ ನೋಡಿದಳು. "ಬಿತ್ತನೆದು ಆ ಚೀಲದಲ್ಲಿ..."

"ಚೀಲದಲ್ಲಿ ಈಗ ಇರೋದು ಬರೀ ಸಿಪ್ಪೆ. ಒಲೆಗೆ ಬೇಕು ಅಂತ ತುಂಬಿಟ್ಟೆ. ನಿನ್ನೆ ನೀನು ಸ್ಕೂಲಲ್ಲಿದ್ದಾಗ ನಾನೂ ನಿನ್ನಮ್ಮನೂ ಕೂತು ಸುಲಿದ್ವಿ."

"ಮಳೆ ಬರೋ ಹಿಂದಿನ ದಿನ ತಾನೆ ನೀವು ಸುಲಿಯೋದು?"

"ಪ್ರತಿ ವರ್ಷ ಹಾಗೇ. ಈ ವರ್ಷ ನಾಜೆರೆಗೆ ಒಳ್ಳೇದನ್ನ ಆರಿಸಿ ಅರ್ಧ ಕೊಡ್ಬೇಕಿತ್ತಲ್ಲ. ಅವರ ಬಿತ್ತನೆ ಬೀಜಕ್ಕೆ ಗೆದ್ದಲು ಹಿಡೀತು, ಒಂದೂ ಉಳೀಲಿಲ್ಲ. ಭಾನುವಾರ ಚರ್ಚಲ್ಲಿ ನಾನೇ ಹೇಳಿದ್ದೆ, ಗುರುವಾರ ಬುಟ್ಟಿ ತಗೊಂಡು ಬನ್ನಿ ಅಂತ."

ಇವತ್ತು ಗುರುವಾರ. ಬೀಜವನ್ನು ಬೆರಳ ನಡುವೆ ಹೊರಳಿಸುತ್ತಿದ್ದ ನಾಜೆರೆ ಅಜ್ಜಿಯ ಮುಖ ಜಿಯೋನೆಯ ಕಣ್ಣ ಮುಂದೆ ಬಂತು. ಅವರಿಗೆ ಆಗಲೇ ಗೊತ್ತಾಗಿತ್ತು. ತಾವು ಕೇಳಲು ಬಂದ ಬೀಜವನ್ನೇ ಕುಟ್ಟು ಎಂದು ಅವರೇ ಹೇಳಿದ್ದರು.

"ಮತ್ತೆ ಅವರು ಯಾಕೆ ಕೇಳಲಿಲ್ಲ ಅಜ್ಜಿ?"

"ಕೇಳಿದ್ರೆ ನಿನ್ನ ಮುಖ ಏನಾಗ್ತಿತ್ತು?"

ಅಜ್ಜಿ ಬೈದಿದ್ದರೆ ಜಿಯೋನೆ ಅಳುತ್ತಿದ್ದಳು, ಅತ್ತು ಹಗುರಾಗುತ್ತಿದ್ದಳು. ಅಜ್ಜಿ ಬೈಯಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು, ಎಲ್ಲಿ ನಿಲ್ಲಬೇಕೆಂದೇ ತೋಚಲಿಲ್ಲ. ಊಟದ ಹೊತ್ತಿನಲ್ಲಿ ತಾನೂ ನಕ್ಕಿದ್ದೆನಲ್ಲ ಎಂಬುದೇ ಎಲ್ಲಕ್ಕಿಂತ ಕೆಟ್ಟದಾಗಿ ಚುಚ್ಚಿತು.

ಅಜ್ಜಿ ಚಾಪೆಯ ಮೇಲೆ ಬೇಸಿನ್ ಸುರಿದು, ಅಂಗೈಯಲ್ಲಿ ಅಳೆದು ಮೂರು ರಾಶಿ ಮಾಡಿದರು.

"ಇದು ನಮ್ಮ ಹೊಲಕ್ಕೆ. ಈ ಸಲ ಅರ್ಧ ಹೊಲ ಸಾಕು, ಉಳಿದದ್ದಕ್ಕೆ ಗೆಣಸಿನ ಬಳ್ಳಿ ಹಾಕೋಣ. ಇದು ನಾಜೆರೆಗೆ. ಇದು ನಿನ್ನ ಮೂರು ಸಾಲಿಗೆ."

"ನಂಗೂ ಇದೆಯಾ?"

"ಕೊಡ್ತೀನಿ ಅಂದಿದ್ದೆ ತಾನೆ?"

ಜಿಯೋನೆ ತನ್ನ ರಾಶಿಯನ್ನು ನೋಡಿದಳು. ದಪ್ಪ, ಕಲೆಯಿಲ್ಲದ, ಹುಳುಕಿಲ್ಲದ ಬೀಜ. ಅದರಲ್ಲಿ ಹನ್ನೊಂದು ಪ್ರಾಮಿಸ್ ಇದ್ದವು, ಎಸ್ನಾತ್‌ಳ ಮುಖವೂ ಇತ್ತು. ಆಮೇಲೆ ಪಕ್ಕದ ರಾಶಿ ನೋಡಿದಳು. ನಾಜೆರೆ ಅಜ್ಜಿಯ ಮನೆಯಲ್ಲಿ ಆರು ಜನ. ಆ ರಾಶಿ ಬುಟ್ಟಿಗೆ ಹಾಕಿದರೆ ತಳ ಮುಚ್ಚುವುದೂ ಕಷ್ಟವಿತ್ತು. ಇಷ್ಟು ತಗೊಂಡು ಹೋಗಿ ಅವರು ಎಷ್ಟು ಬಿತ್ತಿಯಾರು?

ಕ್ಲಾಸಿನಲ್ಲಿ ಏನು ಹೇಳುವುದು? ಎಸ್ನಾತ್ ಎಲ್ಲರ ಮುಂದೆ ಕೇಳಿಯೇ ಕೇಳುತ್ತಾಳೆ. ಕೇಳಿ ನಗುತ್ತಾಳೆ. ಜಿಯೋನೆ ಒಂದು ಸಲ ತನ್ನ ರಾಶಿಯ ಮೇಲೆ ಕೈಯಿಟ್ಟಳು. ಬೀಜ ತಣ್ಣಗಿತ್ತು.

ಅಜ್ಜಿ ಕಟ್ಟಲು ಬಟ್ಟೆ ಹುಡುಕುತ್ತ ಆಚೆ ತಿರುಗಿದ್ದರು. ಜಿಯೋನೆ ಎರಡೂ ಕೈಯಿಂದ ತನ್ನ ರಾಶಿಯನ್ನು ಪಕ್ಕದ ರಾಶಿಗೆ ತಳ್ಳಿದಳು.

"ಅಕ್ಕಾ, ಅದು ನಿಂದಲ್ವಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಉಲೇಮು.

"ಸುಮ್ನಿರು."

ಅಜ್ಜಿ ತಿರುಗಿ ನೋಡಿದರು. ಚಾಪೆಯ ಮೇಲೆ ಎರಡೇ ರಾಶಿ ಇದ್ದವು. ಅವರು ಎರಡನ್ನೂ ನೋಡಿದರು, ಜಿಯೋನೆಯನ್ನೂ ನೋಡಿದರು. ನಾಜೆರೆಯ ರಾಶಿಯನ್ನು ಬಟ್ಟೆಗೆ ಸುರಿದು, ಗಂಟು ಕಟ್ಟಿ, ಒಮ್ಮೆ ಎಳೆದು ಬಿಗಿಮಾಡಿ, ಅವಳ ಕೈಗಿಟ್ಟರು.

"ಓಡು. ಮಂಡಿನೋವಿನವರು, ಇನ್ನೂ ಹೊಳೆ ದಾಟಿರಲ್ಲ."

ಜಿಯೋನೆ ಓಡಿದಳು. ಹುತ್ತ ದಾಟಿದಳು, ಸುಟ್ಟ ಹುಲ್ಲಿನ ಬಯಲು ದಾಟಿದಳು. ನಾಜೆರೆ ಅಜ್ಜಿ ಹೊಳೆಯ ಪಕ್ಕ ಕಲ್ಲಿನ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತಿದ್ದರು. ಜಿಯೋನೆ ಏದುಸಿರು ಬಿಡುತ್ತಲೇ ಮಂಡಿಯೂರಿ ಗಂಟನ್ನು ಎರಡೂ ಕೈಯಲ್ಲಿ ಚಾಚಿದಳು.

ದಾರಿಯುದ್ದಕ್ಕೂ ಅವಳು ಒಂದು ದೊಡ್ಡ ಮಾತನ್ನು ಕಟ್ಟಿಕೊಂಡು ಬಂದಿದ್ದಳು. ತಪ್ಪಾಯಿತು, ನನಗೆ ಗೊತ್ತಿರಲಿಲ್ಲ, ಕೋಳಿಗಳು, ಮೂಗು, ಎಲ್ಲ ಅದರಲ್ಲಿತ್ತು. ಆದರೆ ಬಿಸಿಲಿನಲ್ಲಿ ಇಷ್ಟು ದೂರ ನಡೆದು ಬಂದು, ಕೇಳಬೇಕಾದ್ದನ್ನು ಕೇಳದೆಯೇ ಹೊರಟಿದ್ದ ಆ ಮುಖ ನೋಡಿದಾಗ ಬೇರೆಯೇ ಮಾತು ಬಂತು.

"ಅಜ್ಜಿ ಕಳಿಸಿದ್ರು. ಮಾತಾಡ್ತಾ ಮಾತಾಡ್ತಾ ಕೊಡೋದೇ ಮರೆತು ಹೋಯ್ತಂತೆ."

ನಾಜೆರೆ ಅಜ್ಜಿ ಗಂಟನ್ನು ನೋಡಿದರು. ಅವಳ ಯೂನಿಫಾರ್ಮಿಗೆ ಅಂಟಿದ ಮುಳ್ಳು ಬೀಜಗಳನ್ನು ನೋಡಿದರು.

"ಮರೆತ್ರಾ?" ಎಂದರು. "ನೋಡು, ನಂಗೂ ಮರೆತೇ ಹೋಗಿತ್ತು."

ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡರು. ತೂಕ ನೋಡುವವರ ಹಾಗೆ ಒಂದು ಕ್ಷಣ ಹಾಗೇ ಹಿಡಿದುಕೊಂಡು, ಆಮೇಲೆ ಬುಟ್ಟಿಯಲ್ಲಿಟ್ಟರು.

"ನಿಂಗೆ ಈ ವರ್ಷ ಮೂರು ಸಾಲಂತೆ? ನಿನ್ನ ಅಜ್ಜಿ ಚರ್ಚಲ್ಲೆಲ್ಲ ಹೇಳ್ಕೊಂಡು ತಿರುಗ್ತಿದ್ರು. ಏನು ಹಾಕ್ತೀಯ?"

"ಕುಂಬಳಕಾಯಿ" ಎಂದಳು ಜಿಯೋನೆ ತಟ್ಟನೆ.

"ಕುಂಬಳಕಾಯಿ" ಎಂದರು ನಾಜೆರೆ ಅಜ್ಜಿ, ನಿಧಾನವಾಗಿ. "ಒಳ್ಳೇದು. ಎಲೆಯೂ ಪಲ್ಯಕ್ಕಾಗುತ್ತೆ."

ಅವರು ಎದ್ದು ನಿಂತು, ತಲೆಗೆ ಬಟ್ಟೆಯ ಸಿಂಬಿ ಇಟ್ಟುಕೊಂಡರು. ಈಗ ಬುಟ್ಟಿ ಖಾಲಿಯಿರಲಿಲ್ಲ, ತಲೆಯ ಮೇಲೆ ಏರಿಸಲು ಅವರು ಇನ್ನೊಬ್ಬರ ಕೈಗೆ ಕಾದರು. ಜಿಯೋನೆ ತುದಿಗಾಲಲ್ಲಿ ನಿಂತು ಬುಟ್ಟಿ ಎತ್ತಿ ಕೊಟ್ಟಳು. ಅದರಲ್ಲಿ ಯಾರ ಪಾಲು ಎಷ್ಟು ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅಜ್ಜಿ ಒಂದೊಂದೇ ಕಲ್ಲಿನ ಮೇಲೆ ಕಾಲಿಡುತ್ತ ಹೊಳೆ ದಾಟಿ ಆ ದಡ ಸೇರುವವರೆಗೂ ಜಿಯೋನೆ ನೋಡುತ್ತ ನಿಂತಿದ್ದಳು.